ಉಳಿದವರು ಮನೆಗೆ ಹೋಗಬಹುದು

ಅಮೆರಿಕದ ಪೌರತ್ವ ಸಿಕ್ಕಿ ಏಳು ತಿಂಗಳಾಗಿತ್ತು. 2018ರ ಬೇಸಿಗೆ. ಆಫೀಸಿಂದ ಬಂದು ಟಪಾಲು ಡಬ್ಬಿ ತೆಗೆದರೆ ನೀರಿನ ಬಿಲ್ಲು, ಪಿಜ್ಜಾ ಕೂಪನ್ನುಗಳ ನಡುವೆ ಒಂದು ಕೋರ್ಟಿನ ಕಾಗದ. ಎದೆ ಧಸಕ್ಕೆಂದಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಕೇಳಿಕೊಂಡೇ ಬೆಳೆದವನು ನಾನು. ತಿಪಟೂರಿನ ನಮ್ಮ ಮನೆಗೆ ಕೋರ್ಟಿನ ಕಾಗದ ಬಂತೆಂದರೆ ಅವತ್ತು ಯಾರೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಒಡೆದು ಓದಿದರೆ ಅಂಥದ್ದೇನೂ ಅಲ್ಲ. ಜ್ಯೂರಿ ಡ್ಯೂಟಿಗೆ ಬನ್ನಿ ಅಂತ ಕರೆ.

ಇಲ್ಲಿ ಪೌರತ್ವ ತಗೊಂಡ ನಮ್ಮವರಿಗೆಲ್ಲ ಒಂದಲ್ಲ ಒಂದು ದಿನ ಈ ಕಾಗದ ಬರಬಹುದು. ಬಂದ ಕೂಡಲೇ ತಪ್ಪಿಸಿಕೊಳ್ಳುವುದು ಹೇಗೆ ಅಂತ ನಾಲ್ಕು ಜನರನ್ನು ಕೇಳುತ್ತೇವೆ. ನಾನೂ ಕೇಳಿದೆ. ಶನಿವಾರ ಮನೆಗೆ ಬಂದಿದ್ದ ಶಿರಸಿ ಕಡೆಯ ಗೆಳೆಯ, "ಇಂಗ್ಲಿಷ್ ಅಷ್ಟು ಸರಿಯಾಗಿ ಬರಲ್ಲ ಅಂತ ಹೇಳಿಬಿಡು ಮಾರಾಯ, ಬಿಟ್ಟುಬಿಡ್ತಾರೆ. ನಮಗ್ಯಾಕೆ ಇವರ ಉಸಾಬರಿ" ಅಂದ. ನನ್ನ ಹೆಂಡತಿ ಮಾತ್ರ, "ಪೌರತ್ವ ತಗೊಳ್ಳೋವಾಗ ಬಲಗೈ ಎತ್ತಿ ಪ್ರಮಾಣ ಮಾಡಿದ್ರಲ್ಲ, ಹೋಗಿ ಬನ್ನಿ" ಅಂದಳು. ಹೋದೆ.

ಊರಲ್ಲಿರುವವರಿಗೆ ಜ್ಯೂರಿ ಅಂದರೆ ಹಳೇ ಸಿನಿಮಾದ ವಿಷಯ. ನಮ್ಮಲ್ಲೂ ಒಂದು ಕಾಲದಲ್ಲಿ ಇತ್ತು. 1959ರ ನಾನಾವತಿ ಕೊಲೆ ಕೇಸಿನಲ್ಲಿ ಮುಂಬೈನ ಜ್ಯೂರಿ ಕೊಟ್ಟ ತೀರ್ಪು ದೊಡ್ಡ ಗಲಾಟೆಯಾಯಿತು, ಅದಾದ ಮೇಲೆ ಆ ಪದ್ಧತಿಯೇ ಮೆಲ್ಲಗೆ ನಿಂತುಹೋಯಿತು. ಅಮೆರಿಕದಲ್ಲಿ ಈಗಲೂ ದೊಡ್ಡ ಅಪರಾಧದ ವಿಚಾರಣೆ ನಡೆದರೆ ತಪ್ಪಿತಸ್ಥ ಹೌದೋ ಅಲ್ಲವೋ ಅಂತ ಹೇಳುವುದು ಸಾಮಾನ್ಯವಾಗಿ ಜಡ್ಜ್ ಅಲ್ಲ, ಊರಿನ ಹನ್ನೆರಡು ಜನ. ಅಂಗಡಿಯವರು, ಮೇಷ್ಟ್ರು, ಲಾರಿ ಓಡಿಸುವವರು, ನನ್ನಂಥವರು. ಆ ಹನ್ನೆರಡು ಜನರನ್ನು ಆರಿಸಲು ಅದರ ಎರಡು ಮೂರು ಪಟ್ಟು ಜನರನ್ನು ಕೂರಿಸಿಕೊಂಡು ಎರಡೂ ಕಡೆಯ ವಕೀಲರು ಪ್ರಶ್ನೆ ಕೇಳುತ್ತಾರೆ. ಪಕ್ಷಪಾತ ಎದ್ದು ಕಂಡರೆ ಜಡ್ಜೇ ಕಳಿಸುತ್ತಾರೆ. ಅದು ಬಿಟ್ಟು, ಇಂತಿಷ್ಟು ಜನರನ್ನು ಯಾವ ಕಾರಣವೂ ಹೇಳದೆ ತೆಗೆದುಹಾಕುವ ಅಧಿಕಾರ ಎರಡೂ ಕಡೆಗೆ ಇರುತ್ತದೆ. ಇದಕ್ಕೆ ಸ್ಟ್ರೈಕ್ ಅನ್ನುತ್ತಾರೆ. ನಾನು ಇವತ್ತು ಬರೆಯಲು ಕೂತಿರುವುದು ಈ ಸ್ಟ್ರೈಕ್ ಬಗ್ಗೆ.

ಜಾರ್ಜಿಯಾ ರಾಜ್ಯದ ಒಂದು ಕೌಂಟಿ ಕೋರ್ಟು. ಎಸಿ ಎಷ್ಟು ಜೋರಾಗಿತ್ತೆಂದರೆ ಎಲ್ಲರೂ ಕೈಕಟ್ಟಿ ಮುದುರಿ ಕೂತಿದ್ದೆವು. ಎಲ್ಲರ ಅಂಗಿ ಮೇಲೂ ಒಂದು ನಂಬರಿನ ಸ್ಟಿಕ್ಕರ್. ನನ್ನದು 14. ಪಕ್ಕದಲ್ಲಿ 13ನೇ ನಂಬರಿನ ಕಪ್ಪು ಹೆಂಗಸು, ಐವತ್ತೈದರ ಆಸುಪಾಸು. ತೊಡೆಯ ಮೇಲೆ ದೊಡ್ಡ ಪರ್ಸು. ನನ್ನ ಹೊಟ್ಟೆ ಗುರ್ ಅಂದದ್ದು ಅವರಿಗೆ ಕೇಳಿಸಿತು. "ತಿಂಡಿ ತಿಂದಿಲ್ಲ ಅಲ್ವಾ" ಅಂತ ಪರ್ಸಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದುಕೊಟ್ಟರು. ನನ್ನ ಹೆಸರು ಕೇಳಿದರು. ಹೇಳಿದೆ. ಮೂರು ಸಲ ಹೇಳಿಸಿಕೊಂಡು, ನಾಲ್ಕನೇ ಸಲ ಅವರೇ ಸರಿಯಾಗಿ ಹೇಳಿದರು. ಇಪ್ಪತ್ತೆರಡು ವರ್ಷದಿಂದ ಸ್ಕೂಲ್ ಬಸ್ ಓಡಿಸುತ್ತಿದ್ದಾರಂತೆ. ಮಕ್ಕಳ ಹೆಸರು ತಪ್ಪಾಗಿ ಕರೆಯಬಾರದು, ಅದು ಅಭ್ಯಾಸವಾಗಿಬಿಟ್ಟಿದೆ ಅಂದರು. ಈ ದೇಶದಲ್ಲಿ ನನ್ನ ಹೆಸರಿಗೆ ಅಷ್ಟು ತಾಳ್ಮೆ ಕೊಟ್ಟವರು ಕಡಿಮೆ.

ಆರೋಪಿ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಕಪ್ಪು ಹುಡುಗ. ಹೊಸ ಬಿಳಿ ಅಂಗಿ ಹಾಕಿಕೊಂಡಿದ್ದ. ಪ್ಯಾಕೆಟ್ಟಿನಿಂದ ತೆಗೆದ ಮಡಿಕೆಯ ಗೆರೆ ಎದೆ ಮೇಲೆ, ತೋಳಿನ ಮೇಲೆ ಹಾಗೇ ಇತ್ತು. ಇಸ್ತ್ರಿ ಮಾಡಲು ಯಾರಿಗೂ ಸಮಯ ಸಿಕ್ಕಿರಲಿಲ್ಲ. ಅವನ ಮೇಲಿದ್ದ ಆರೋಪ ರಾತ್ರಿ ಹೊತ್ತು ಒಂದು ಕ್ರಾಸಿನಲ್ಲಿ ಒಬ್ಬರನ್ನು ಹೆದರಿಸಿ ಫೋನು, ವ್ಯಾಲೆಟ್ಟು ಕಿತ್ತುಕೊಂಡ ಅಂತ. ಕಳೆದುಕೊಂಡವರು ಮುಖ ನೋಡಿ ಗುರುತಿಸಿದ್ದರು.

ಪ್ರಶ್ನೆ ಶುರುವಾಯಿತು. ನನಗೆ ಸರ್ಕಾರಿ ವಕೀಲರು ಕೇಳಿದ್ದು ಎರಡೇ. ಏನು ಕೆಲಸ? ಮನೆಯಲ್ಲಿ ಯಾರಾದರೂ ಅರೆಸ್ಟ್ ಆಗಿದ್ದಾರಾ? ಸಾಫ್ಟ್‌ವೇರ್, ಇಲ್ಲ ಅಂದೆ. ನಕ್ಕು ಥ್ಯಾಂಕ್ಸ್ ಹೇಳಿದರು. 13ನೇ ನಂಬರಿಗೆ ಬಂದಾಗ ಪ್ರಶ್ನೆಗಳು ಮುಗಿಯಲೇ ಇಲ್ಲ. ಯಾವ ಏರಿಯಾ, ಎಷ್ಟು ವರ್ಷದಿಂದ, ಮಕ್ಕಳು ಏನು ಮಾಡುತ್ತಾರೆ, ನೆಂಟರಲ್ಲಿ ಯಾರಾದರೂ ಜೈಲಿಗೆ ಹೋಗಿದ್ದಾರಾ? ತಂಗಿಯ ಮಗ ಒಮ್ಮೆ ಹೋಗಿದ್ದ ಅಂದರು. ಅವನಿಗೆ ಪೊಲೀಸರು ನ್ಯಾಯವಾಗಿ ನಡೆದುಕೊಂಡರು ಅನ್ನಿಸುತ್ತದಾ? ಅವನು ತಪ್ಪು ಮಾಡಿದ್ದ, ಶಿಕ್ಷೆ ಅನುಭವಿಸಿದ ಅಂದರು. ಆ ಕ್ರಾಸು ಗೊತ್ತಾ? ಗೊತ್ತು, ದಿನಾ ಬಸ್ಸು ಅಲ್ಲೇ ತಿರುಗಿಸುತ್ತೇನೆ, ಚಳಿಗಾಲದ ಬೆಳಗಿನ ಜಾವ ಅಲ್ಲಿ ಏನೂ ಕಾಣಿಸಲ್ಲ, ಭಾಳ ಹುಷಾರಾಗಿ ತಿರುಗಿಸಬೇಕು ಅಂದರು. ನಮ್ಮ ಹಿಂದೆ ಕೂತಿದ್ದ ಬಿಳಿಯರೊಬ್ಬರೂ ಆ ಜಾಗ ಗೊತ್ತು, ಅಲ್ಲಿ ಟೈರ್ ಹಾಕಿಸಿಕೊಂಡಿದ್ದೇನೆ ಅಂದರು. ಅವರ ತಮ್ಮ ಕುಡಿದು ಗಾಡಿ ಓಡಿಸಿ ಜೈಲು ನೋಡಿ ಬಂದವನಂತೆ. ಅವರಿಗೆ ಮುಂದಿನ ಪ್ರಶ್ನೆ ಬರಲಿಲ್ಲ.

ಆಮೇಲೆ ಒಂದು ಹಾಳೆ ಎರಡು ಮೇಜುಗಳ ನಡುವೆ ಓಡಾಡಿತು. ಈ ಕಡೆಯವರು ಒಂದು ಗೀಟು ಎಳೆಯುತ್ತಾರೆ, ಆ ಕಡೆಗೆ ದಾಟಿಸುತ್ತಾರೆ. ಅವರೊಂದು ಗೀಟು. ನಾವು ಸುಮ್ನೆ ನೋಡುತ್ತ ಕೂತಿದ್ದೆವು. ಆರೋಪಿಯ ಲಾಯರ್ ಎದ್ದು ಜಡ್ಜ್ ಹತ್ತಿರ ಹೋದರು, ಸರ್ಕಾರಿ ವಕೀಲರೂ ಹೋದರು, ನಮಗೆ ಮಾತು ಕೇಳಿಸಬಾರದು ಅಂತ ಸ್ಪೀಕರಿನಲ್ಲಿ ಬುಸ್ ಅನ್ನುವ ಸದ್ದು ಹಾಕಿದರು. ಐದು ನಿಮಿಷ. ಅವರವರ ಜಾಗಕ್ಕೆ ವಾಪಸ್ ಬಂದರು. ಗುಮಾಸ್ತರು ಆಯ್ಕೆಯಾದ ನಂಬರುಗಳನ್ನು ಓದಿದರು. 14 ಇತ್ತು. ಟೈರಿನವರದೂ ಇತ್ತು. 13 ಇರಲಿಲ್ಲ. ಉಳಿದವರು ಮನೆಗೆ ಹೋಗಬಹುದು, ನಿಮ್ಮ ಸೇವೆಗೆ ಧನ್ಯವಾದ ಅಂದರು. ಮೂವತ್ತು ಜನರಲ್ಲಿ ಐದು ಜನ ಕಪ್ಪು ಬಣ್ಣದವರಿದ್ದರು. ನಾಲ್ವರು ಎದ್ದು ಹೋದರು. 13ನೇ ನಂಬರಿನವರು ಹೋಗುವಾಗ ನನ್ನ ಭುಜ ತಟ್ಟಿ, ಸರಿಯಾಗಿ ಉಚ್ಚರಿಸಿ ನನ್ನ ಹೆಸರು ಹೇಳಿ, ಚೆನ್ನಾಗಿ ಕೇಳಿಸಿಕೋ ಅಂದರು.

ವಿಚಾರಣೆ ಎರಡು ದಿನ. ಮಾತುಕತೆಗೆ ನಮ್ಮನ್ನು ಕೋಣೆಗೆ ಕಳಿಸಿದಾಗ ಒಬ್ಬರು, ಆ ಹೊತ್ತಿನಲ್ಲಿ ಮುಖ ಅಷ್ಟು ಸರಿಯಾಗಿ ಕಂಡಿರುತ್ತಾ ಅಂತ ಕೇಳಿದರು. ಟೈರಿನವರು, ಕ್ರಾಸು ಅಂದಮೇಲೆ ದೀಪ ಇದ್ದೇ ಇರುತ್ತದೆ ಅಂದರು. ಎಲ್ಲರೂ ತಲೆ ಆಡಿಸಿದರು. ನನಗೆ 13ನೇ ನಂಬರಿನವರ ಮಾತು ನೆನಪಾಯಿತು. ಏನೂ ಕಾಣಿಸಲ್ಲ. ಆದರೆ ಸಾಕ್ಷಿ ಕಟ್ಟೆಯಲ್ಲಿ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ ಅಂತ ಜಡ್ಜ್ ಹೇಳಿದ್ದರು. ಅಲ್ಲದೆ ನಾನು ಏಳು ತಿಂಗಳ ಪ್ರಜೆ. ಬಾಯಿ ಬಿಡಲಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ತಪ್ಪಿತಸ್ಥ ಅಂತ ತೀರ್ಮಾನ ಮಾಡಿ ಎದ್ದೆವು. ಅವನ ತಾಯಿ ಹಿಂದಿನ ಬೆಂಚಿನಲ್ಲಿದ್ದರು. ನಾನು ಆ ಕಡೆ ನೋಡಲಿಲ್ಲ.

ಇದೆಲ್ಲ ಆಗಿ ಒಂದು ವರ್ಷಕ್ಕೆ, 2019ರ ಜೂನ್‌ನಲ್ಲಿ, ಸುಪ್ರೀಂ ಕೋರ್ಟಿನ ಒಂದು ತೀರ್ಪಿನ ಸುದ್ದಿ ಓದಿದೆ. ಅವತ್ತಿಂದ ಇದು ನನ್ನನ್ನು ಬಿಟ್ಟಿಲ್ಲ.

ಮಿಸಿಸಿಪ್ಪಿ ರಾಜ್ಯದಲ್ಲಿ ವೈನೋನಾ ಅಂತ ಐದು ಸಾವಿರ ಜನರ ಊರು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಪ್ಪು ಜನ. 1996ರ ಜುಲೈ 16ರ ಬೆಳಿಗ್ಗೆ ಅಲ್ಲಿನ ಒಂದು ಪೀಠೋಪಕರಣದ ಅಂಗಡಿಯಲ್ಲಿ ನಾಲ್ವರ ಕೊಲೆಯಾಯಿತು. ಆ ಅಂಗಡಿಯಲ್ಲಿ ಕೆಲವು ದಿನ ಕೆಲಸ ಮಾಡಿ ಬಿಟ್ಟಿದ್ದ ಕರ್ಟಿಸ್ ಫ್ಲವರ್ಸ್ ಅನ್ನುವ 26 ವರ್ಷದ ಕಪ್ಪು ಯುವಕನನ್ನು ಮುಂದಿನ ಜನವರಿಯಲ್ಲಿ ಹಿಡಿದರು. ಅವನ ಮೇಲೆ ಹಿಂದೆ ಯಾವ ಕೇಸೂ ಇರಲಿಲ್ಲ. ಕೊಲೆ ಮಾಡಿದ್ದನ್ನು ಕಂಡವರೂ ಇರಲಿಲ್ಲ. ಡಗ್ ಇವಾನ್ಸ್ ಅನ್ನುವ ಒಬ್ಬರೇ ಸರ್ಕಾರಿ ವಕೀಲರು ಇದೇ ಕೇಸಿಗೆ, ಇದೇ ಆರೋಪಿಗೆ, ಆರು ಸಲ ವಿಚಾರಣೆ ನಡೆಸಿದರು. ಆರು ಸಲ! 1997ರಲ್ಲಿ ಮೊದಲನೆಯದು, ಜ್ಯೂರಿಯಲ್ಲಿ ಹನ್ನೆರಡೂ ಜನ ಬಿಳಿಯರು, ಮರಣದಂಡನೆ. ವಕೀಲರ ನಡತೆ ಸರಿಯಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಎರಡನೆಯದು, ಹನ್ನೊಂದು ಬಿಳಿಯರು, ಒಬ್ಬ ಕಪ್ಪು, ಮತ್ತೆ ಮರಣದಂಡನೆ, ಮತ್ತೆ ರದ್ದು. ಮೂರನೆಯದರಲ್ಲಿ ಇವಾನ್ಸ್ ತಮಗಿದ್ದ ಹದಿನೈದಕ್ಕೆ ಹದಿನೈದೂ ಸ್ಟ್ರೈಕ್‌ಗಳನ್ನು ಕಪ್ಪು ಜನರ ಮೇಲೇ ಬಳಸಿದರು. ಮತ್ತೆ ಮರಣದಂಡನೆ. ಇದು ಬಣ್ಣ ನೋಡಿ ಮಾಡಿದ್ದು ಅಂತ ರಾಜ್ಯದ ಕೋರ್ಟೇ ಹೇಳಿ ಮತ್ತೆ ರದ್ದು ಮಾಡಿತು. ನಾಲ್ಕನೆಯದರಲ್ಲಿ ಐವರು ಕಪ್ಪು ಜನ ಕೂತರು. ಐದನೆಯದರಲ್ಲಿ ಮೂವರು. ಆ ಎರಡೂ ಸಲ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ತೀರ್ಪೇ ಆಗಲಿಲ್ಲ. 2010ರಲ್ಲಿ ಆರನೆಯದು, ಹನ್ನೊಂದು ಬಿಳಿಯರು, ಒಬ್ಬ ಕಪ್ಪು. ಮರಣದಂಡನೆ.

ಈ ಸಾಲನ್ನು ಇನ್ನೊಮ್ಮೆ ಓದಿ. ಸಾಕ್ಷಿ ಹೆಚ್ಚುಕಡಿಮೆ ಅದೇ. ಆರೋಪಿ ಅವನೇ. ವಕೀಲ ಅವರೇ. ಬದಲಾದದ್ದು ಆ ಹನ್ನೆರಡು ಕುರ್ಚಿಗಳಲ್ಲಿ ಯಾರು ಕೂತರು ಅನ್ನುವುದು.

ಅಮೆರಿಕದ ಸುಪ್ರೀಂ ಕೋರ್ಟು ಲೆಕ್ಕ ಹಾಕಿತು. ಆರು ವಿಚಾರಣೆ ಸೇರಿ ಸರ್ಕಾರಿ ವಕೀಲರಿಗೆ ತೆಗೆದುಹಾಕಲು ಅವಕಾಶವಿದ್ದ 42 ಕಪ್ಪು ಜನರಲ್ಲಿ 41 ಜನರನ್ನು ತೆಗೆದಿದ್ದರು. ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಅಂಕಿ ಇನ್ನೊಂದು. ಆರನೇ ವಿಚಾರಣೆಯಲ್ಲಿ ಹೊರಗೆ ಹೋದ ಐವರು ಕಪ್ಪು ಜನರಿಗೆ ಒಟ್ಟು 145 ಪ್ರಶ್ನೆ ಕೇಳಿದ್ದರು. ಒಳಗೆ ಕೂತ ಹನ್ನೊಂದು ಬಿಳಿಯರಿಗೆ, ಎಲ್ಲರಿಗೂ ಸೇರಿ, 12. ಒಬ್ಬ ಹೆಂಗಸನ್ನು ತೆಗೆದದ್ದಕ್ಕೆ ಕೊಟ್ಟ ಒಂದು ಕಾರಣ, ಆಕೆಗೆ ಈ ಕೇಸಿನ ಸುಮಾರು ಜನರ ಪರಿಚಯವಿದೆ ಅಂತ. ಐದು ಸಾವಿರ ಜನರ ಊರಿನಲ್ಲಿ ಯಾರಿಗೆ ಯಾರ ಪರಿಚಯ ಇಲ್ಲ? ಹಲವರ ಪರಿಚಯವಿದ್ದ ಬಿಳಿಯರಿಗೆ ಆ ಬಗ್ಗೆ ಮುಂದೆ ಕೇಳಿಯೇ ಇರಲಿಲ್ಲ. ಆ ಆರನೆಯ ತೀರ್ಪನ್ನೂ ಕೋರ್ಟು ರದ್ದು ಮಾಡಿತು.

145 ಮತ್ತು 12. ಓದಿದಾಗ ಆ ಎಸಿ ಕೋಣೆ, ಪೆಪ್ಪರ್‌ಮಿಂಟಿನ ರುಚಿ ಎರಡೂ ಒಟ್ಟಿಗೆ ವಾಪಸ್ ಬಂದವು.

ಯಾಕೆ ಅಷ್ಟೊಂದು ಪ್ರಶ್ನೆ ಕೇಳುತ್ತಾರೆ ಅಂತ ಗೊತ್ತಾಗಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಪ್ಪು ಜನ ಜ್ಯೂರಿಯಲ್ಲಿ ಕೂರಲೇಬಾರದು ಅನ್ನುವ ಕಾನೂನು 1880ರಲ್ಲೇ ಬಿದ್ದುಹೋಗಿತ್ತು. ಕಾನೂನು ಹೋಯಿತು, ರೂಢಿ ಹೋಗಲಿಲ್ಲ. 1965ರಲ್ಲಿ ಅಲಬಾಮಾದ ಟಲ್ಲಡೀಗಾ ಕೌಂಟಿಯ ಕೇಸೊಂದು ಸುಪ್ರೀಂ ಕೋರ್ಟಿಗೆ ಬಂತು. ಆ ಕೌಂಟಿಯಲ್ಲಿ ಸುಮಾರು 1950ರಿಂದ ಒಬ್ಬನೇ ಒಬ್ಬ ಕಪ್ಪು ವ್ಯಕ್ತಿ ವಿಚಾರಣೆಯ ಜ್ಯೂರಿಯಲ್ಲಿ ಕೂತಿರಲಿಲ್ಲ. ಆದರೂ ಕೋರ್ಟು, ವಕೀಲರು ವರ್ಷಾನುವರ್ಷ ಬೇಕೆಂತಲೇ ಹೀಗೆ ಮಾಡುತ್ತಿದ್ದಾರೆ ಅಂತ ಸಾಬೀತು ಮಾಡಿ ತೋರಿಸಿದರೆ ನೋಡೋಣ ಅಂದಿತು. ಬಡ ಆರೋಪಿ ಅದನ್ನು ಎಲ್ಲಿಂದ ತಂದು ತೋರಿಸುತ್ತಾನೆ? ಇಪ್ಪತ್ತೊಂದು ವರ್ಷ ಹಾಗೇ ನಡೆಯಿತು. 1986ರಲ್ಲಿ ಕೆಂಟಕಿಯ ಜೇಮ್ಸ್ ಬ್ಯಾಟ್ಸನ್ ಕೇಸಿನಲ್ಲಿ ಕೋರ್ಟು ದಾರಿ ಬದಲಿಸಿತು. ಈ ಒಂದು ಕೇಸಿನಲ್ಲೇ ಬಣ್ಣ ನೋಡಿ ತೆಗೆದಂತೆ ಕಂಡರೆ ಆಕ್ಷೇಪಣೆ ಎತ್ತಬಹುದು, ಆಗ ಸರ್ಕಾರಿ ವಕೀಲರು ಬಣ್ಣಕ್ಕೆ ಸಂಬಂಧವಿಲ್ಲದ ಕಾರಣ ಕೊಡಬೇಕು ಅಂತ. ಇದನ್ನೇ ಇಲ್ಲಿ ಬ್ಯಾಟ್ಸನ್ ಆಕ್ಷೇಪಣೆ ಅನ್ನುತ್ತಾರೆ. ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಈ ತೀರ್ಪನ್ನು ಒಪ್ಪಿಕೊಂಡೇ ಬೇರೆಯಾಗಿ ಬರೆದರು. ಇದರಿಂದ ರೋಗ ಹೋಗುವುದಿಲ್ಲ, ಸ್ಟ್ರೈಕ್ ಅನ್ನುವುದನ್ನೇ ತೆಗೆಯಬೇಕು, ಕಾರಣ ಕೊಡುವುದು ಯಾವ ವಕೀಲನಿಗೂ ಕಷ್ಟವಲ್ಲ ಅಂತ.

ಮಾರ್ಷಲ್ ಹೇಳಿದ್ದು ನಿಜವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1987ರ ಹೊತ್ತಿಗೆ ಫಿಲಡೆಲ್ಫಿಯಾದ ಸರ್ಕಾರಿ ವಕೀಲರ ಕಚೇರಿಯಲ್ಲಿ ಹೊಸಬರಿಗೆ ಪಾಠ ಹೇಳುವ ಒಂದು ವಿಡಿಯೋ ಮಾಡಿದ್ದರು. ಅದು ಹೊರಗೆ ಬಂದದ್ದು ಹತ್ತು ವರ್ಷದ ಮೇಲೆ. ಬಡ ಏರಿಯಾದ ಕಪ್ಪು ಜನರನ್ನು ಜ್ಯೂರಿಗೆ ತಗೊಳ್ಳಬೇಡಿ ಅಂತ ಅದರಲ್ಲಿ ನೇರವಾಗಿಯೇ ಹೇಳಿದೆ. ಜೊತೆಗೆ ಇನ್ನೊಂದು ಬುದ್ಧಿಮಾತು. ಕಪ್ಪು ಜನ ಬಂದಾಗ ಉದ್ದಕ್ಕೆ ಪ್ರಶ್ನೆ ಕೇಳಿ, ಆಮೇಲೆ ಕಾರಣ ಅಂತ ತೋರಿಸಲು ಬರುವ ಏನಾದರೊಂದನ್ನು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

145 ಪ್ರಶ್ನೆಯ ಅರ್ಥ ಇದು. ಮನುಷ್ಯನನ್ನು ತಿಳಿಯಲು ಕೇಳುವುದಲ್ಲ. ಕಾರಣ ಹೆಕ್ಕಲು ಕೇಳುವುದು. ಇಪ್ಪತ್ತು ಪ್ರಶ್ನೆ ಕೇಳಿದರೆ ಯಾರಲ್ಲಿ ಒಂದು ಕಾರಣ ಸಿಗುವುದಿಲ್ಲ ಹೇಳಿ? ನನಗೇ ಇಪ್ಪತ್ತು ಕೇಳಿದ್ದರೆ ನಮ್ಮ ಚಿಕ್ಕಪ್ಪನ ಜಮೀನು ಹೊಡೆದಾಟದ ಕೇಸು ಹೊರಗೆ ಬರುತ್ತಿತ್ತು. ಎರಡೇ ಕೇಳಿದರು. ಹಾಗಾಗಿ ನಾನು ಶುದ್ಧ. ಕಾರಣ ಗಟ್ಟಿಯಾಗಿರಬೇಕು ಅಂತಲೂ ಇಲ್ಲ. ಉದ್ದ ಕೂದಲು, ಮೀಸೆ, ಮೇಕೆ ಗಡ್ಡ ಇದೆ ಅಂತ ಮಿಸೌರಿಯಲ್ಲಿ ಒಬ್ಬ ಕಪ್ಪು ವ್ಯಕ್ತಿಯನ್ನು ತೆಗೆದದ್ದನ್ನು 1995ರಲ್ಲಿ ಸುಪ್ರೀಂ ಕೋರ್ಟು ಬಣ್ಣಕ್ಕೆ ಸಂಬಂಧವಿಲ್ಲದ ಕಾರಣ ಅಂತ ಒಪ್ಪಿತು. ಆ ಕಾರಣ ನಂಬುವಂಥದ್ದೋ ಅಲ್ಲವೋ ಅಂತ ಜಡ್ಜ್ ನೋಡುವುದು ಮುಂದಿನ ಹಂತದ ಮಾತು ಅಂತ.

ನಾನು ಇರುವ ಜಾರ್ಜಿಯಾದಲ್ಲೇ ಆದದ್ದು ಇನ್ನೂ ಹತ್ತಿರದಿಂದ ನೋಡಬಹುದು. ರೋಮ್ ಅನ್ನುವ ಊರಿನಲ್ಲಿ 1986ರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಕೊಲೆಯಾಯಿತು. ಕೊಂದವನು ತಿಮೊಥಿ ಫಾಸ್ಟರ್, ಆಗ 18 ವರ್ಷ. ತಪ್ಪು ಒಪ್ಪಿಕೊಂಡಿದ್ದ. ಆಯ್ಕೆಗೆ ಉಳಿದಿದ್ದ ನಾಲ್ವರು ಕಪ್ಪು ಜನರನ್ನೂ ಸರ್ಕಾರಿ ವಕೀಲರು ತೆಗೆದರು, ಪೂರಾ ಬಿಳಿಯರ ಜ್ಯೂರಿ ಮರಣದಂಡನೆ ಕೊಟ್ಟಿತು. ಬ್ಯಾಟ್ಸನ್ ಆಕ್ಷೇಪಣೆ ಎತ್ತಿದರೆ ಕಾರಣಗಳು ಸಾಲಾಗಿ ಬಂದವು. ಸುಮಾರು ಇಪ್ಪತ್ತು ವರ್ಷ ಆದ ಮೇಲೆ, 2006ರಲ್ಲಿ, ಮಾಹಿತಿ ಹಕ್ಕಿನ ಥರದ ಒಂದು ಕಾನೂನಿನಲ್ಲಿ ಅರ್ಜಿ ಹಾಕಿ ಸರ್ಕಾರಿ ವಕೀಲರ ಕಡತವನ್ನೇ ತರಿಸಿಕೊಂಡರು. ಜನರ ಪಟ್ಟಿಯಲ್ಲಿ ಕಪ್ಪು ಜನರ ಹೆಸರಿಗೆಲ್ಲ ಹಸಿರು ಹೈಲೈಟರ್ ಬಳಿದಿತ್ತು. ಹಸಿರು ಅಂದರೆ ಕಪ್ಪು ಜನ ಅಂತ ಮೂಲೆಯಲ್ಲಿ ಅರ್ಥವನ್ನೂ ಬರೆದಿದ್ದರು. ಹೆಸರಿನ ಪಕ್ಕ 'ಬಿ' ಅಕ್ಷರ. ಖಂಡಿತ ಬೇಡ ಅನ್ನುವವರ ಒಂದು ಪಟ್ಟಿ, ಅದರಲ್ಲಿ ಮೊದಲ ಐದೂ ಹೆಸರು ಕಪ್ಪು ಜನರದು. ಒಬ್ಬ ಹೆಂಗಸಿಗೆ 34 ವರ್ಷ, ಆರೋಪಿಯ ವಯಸ್ಸಿಗೆ ಹತ್ತಿರ, ಅದಕ್ಕೇ ತೆಗೆದೆವು ಅಂತ ಕಾರಣ ಕೊಟ್ಟಿದ್ದರು. ಆಕೆಗಿಂತ ಚಿಕ್ಕ ವಯಸ್ಸಿನ ಬಿಳಿಯರು, 21 ವರ್ಷದವರೂ ಸೇರಿ, ಜ್ಯೂರಿಯಲ್ಲಿ ಕೂತಿದ್ದರು. 2016ರಲ್ಲಿ ಸುಪ್ರೀಂ ಕೋರ್ಟು 7-1 ಮತಗಳಿಂದ ಇದು ತಪ್ಪು ಅಂದಿತು.

ಫಾಸ್ಟರ್ ಕೊಲೆಗಾರನೇ. ಅದಕ್ಕೇ ಈ ಕೇಸನ್ನು ಹೇಳಿದ್ದು. ನಿರಪರಾಧಿಗಳ ಕಥೆ ಕೇಳಿದಾಗ ನಮಗೆ ಸುಲಭವಾಗಿ ಅಯ್ಯೋ ಅನ್ನಿಸುತ್ತದೆ. ತಪ್ಪು ಮಾಡಿದವನ ತಕ್ಕಡಿಯೂ ಸರಿಯಾಗಿರಬೇಕಲ್ವಾ? ಮತ್ತು ಮೋಸ ಆದದ್ದು ಅವನಿಗೆ ಮಾತ್ರ ಅಲ್ಲ. ಎರಡೆರಡು ಕಡೆ ದುಡಿದು, ಕೋರ್ಟಿಗೂ ಬಂದು ಕೂತ ಆ ಹೆಂಗಸಿಗೂ ಮೋಸವಾಯಿತು. ತನ್ನ ಹೆಸರಿಗೆ ಹಸಿರು ಬಳಿದದ್ದು ಆಕೆಗೆ ಗೊತ್ತೇ ಆಗಿರಲಿಲ್ಲ.

ಜ್ಯೂರಿಯಲ್ಲಿ ಯಾರು ಕೂತರೇನು, ಸಾಕ್ಷಿ ಸಾಕ್ಷಿಯೇ ಅಲ್ವಾ ಅಂತ ನನ್ನ ಗೆಳೆಯ ಕೇಳಿದ. ಫ್ಲಾರಿಡಾದ ಎರಡು ಕೌಂಟಿಗಳಲ್ಲಿ 2000ದಿಂದ 2010ರವರೆಗೆ ನಡೆದ ಏಳು ನೂರಕ್ಕೂ ಹೆಚ್ಚು ವಿಚಾರಣೆಗಳನ್ನು ಅರ್ಥಶಾಸ್ತ್ರಜ್ಞರು ನೋಡಿದ್ದಾರೆ. ಆಯ್ಕೆಗೆ ಕರೆದ ಗುಂಪಿನಲ್ಲಿ ಒಬ್ಬರೂ ಕಪ್ಪು ಜನ ಇಲ್ಲದಿದ್ದಾಗ ಕಪ್ಪು ಆರೋಪಿಗಳಲ್ಲಿ ಶೇಕಡಾ 81 ಜನಕ್ಕೆ ಶಿಕ್ಷೆಯಾಗಿತ್ತು, ಬಿಳಿ ಆರೋಪಿಗಳಲ್ಲಿ ಶೇಕಡಾ 66. ಗುಂಪಿನಲ್ಲಿ ಒಬ್ಬರಾದರೂ ಇದ್ದಾಗ ಆ ಅಂತರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಬ್ಬರು! ಅದು ಕಪ್ಪು ಜನ ತಮ್ಮವರನ್ನು ಬಿಟ್ಟುಬಿಡುತ್ತಾರೆ ಅಂತಲ್ಲ. ಅಣಕು ಜ್ಯೂರಿಗಳನ್ನು ಮಾಡಿ ನೋಡಿದ ಒಂದು ಸಂಶೋಧನೆಯಲ್ಲಿ, ಬೇರೆ ಬೇರೆ ಬಣ್ಣದವರು ಒಟ್ಟಿಗೆ ಕೂತಾಗ ಚರ್ಚೆ ಜಾಸ್ತಿ ಹೊತ್ತು ನಡೆಯಿತು, ಬಿಳಿಯರೇ ತಪ್ಪು ಕಡಿಮೆ ಮಾಡಿದರು. ನನಗೆ ಇದು ಪೂರ್ತಿ ಅರ್ಥವಾಗುತ್ತದೆ. ನಮ್ಮ ಕೋಣೆಯಲ್ಲಿ 'ದೀಪ ಇದ್ದೇ ಇರುತ್ತದೆ' ಅನ್ನುವ ಮಾತಿಗೆ ಎದುರು ಮಾತು ಬೇಕಿತ್ತು.

ಬ್ಯಾಟ್ಸನ್ ತೀರ್ಪು ಬರೆದ ನ್ಯಾಯಮೂರ್ತಿ ಲೂಯಿಸ್ ಪೊವೆಲ್. ಅದಾಗಿ ಹೆಚ್ಚುಕಡಿಮೆ ಒಂದು ವರ್ಷಕ್ಕೆ ಅವರೇ ಇನ್ನೊಂದು ತೀರ್ಪು ಬರೆದರು. ಅದೂ ಜಾರ್ಜಿಯಾದ್ದೇ. ಅಟ್ಲಾಂಟಾದ ಒಂದು ಅಂಗಡಿ ದರೋಡೆಯಲ್ಲಿ ಬಿಳಿ ಪೊಲೀಸರೊಬ್ಬರನ್ನು ಕೊಂದ ಆರೋಪದಲ್ಲಿ ವಾರನ್ ಮೆಕ್ಲೆಸ್ಕಿ ಅನ್ನುವ ಕಪ್ಪು ವ್ಯಕ್ತಿಗೆ ಮರಣದಂಡನೆಯಾಗಿತ್ತು. ಅವನ ವಕೀಲರು ಎರಡು ಸಾವಿರಕ್ಕೂ ಹೆಚ್ಚು ಕೊಲೆ ಕೇಸುಗಳ ಅಧ್ಯಯನ ಮುಂದಿಟ್ಟರು. ಸತ್ತವರು ಬಿಳಿಯರಾದರೆ ಮರಣದಂಡನೆಯ ಸಂಭವ 4.3 ಪಟ್ಟು ಜಾಸ್ತಿ. ಕೋರ್ಟು ಲೆಕ್ಕ ತಪ್ಪು ಅನ್ನಲಿಲ್ಲ. ಒಟ್ಟಾರೆ ಲೆಕ್ಕ ಸಾಲದು, ನಿನ್ನ ಕೇಸಿನಲ್ಲೇ ಯಾರೋ ಬೇಕೆಂದು ಭೇದ ಮಾಡಿದ್ದಾರೆ ಅಂತ ತೋರಿಸು ಅಂದಿತು. 5-4. ಇದನ್ನು ಒಪ್ಪಿದರೆ ಇಡೀ ವ್ಯವಸ್ಥೆಯ ಬುಡಕ್ಕೇ ಪ್ರಶ್ನೆ ಬರುತ್ತದೆ ಅನ್ನುವುದು ಪೊವೆಲ್ ಅವರ ಚಿಂತೆ. ಭಿನ್ನ ತೀರ್ಪು ಬರೆದ ಬ್ರೆನನ್, ಇದು ಅತಿಯಾಗಿ ನ್ಯಾಯ ಸಿಕ್ಕೀತು ಅನ್ನುವ ಭಯ ಅಂದರು. ನಿವೃತ್ತರಾದ ಮೇಲೆ ಪೊವೆಲ್, ಯಾವುದಾದರೂ ಕೇಸಿನಲ್ಲಿ ನನ್ನ ಮತ ಬದಲಿಸುವುದಿದ್ದರೆ ಇದರಲ್ಲಿ ಅಂತ ತಮ್ಮ ಜೀವನಚರಿತ್ರೆ ಬರೆಯುತ್ತಿದ್ದವರಿಗೆ ಹೇಳಿದರು. ಒಂದೇ ಒಂದು ಮತ. 1991ರ ಸೆಪ್ಟೆಂಬರ್ 25ರಂದು ಮೆಕ್ಲೆಸ್ಕಿಯನ್ನು ವಿದ್ಯುತ್ ಕುರ್ಚಿಯಲ್ಲಿ ಕೊಂದರು. ಆ ಪಶ್ಚಾತ್ತಾಪವನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಅದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ಶೇಕಡಾ 14ರಷ್ಟು. ತಪ್ಪಾಗಿ ಶಿಕ್ಷೆಯಾಗಿ ಆಮೇಲೆ ಬಿಡುಗಡೆಯಾದವರ ದಾಖಲೆಯನ್ನು 2022ರಲ್ಲಿ ನೋಡಿದಾಗ ಅದರಲ್ಲಿ ಶೇಕಡಾ 53 ಜನ ಅವರೇ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ನಮ್ಮವರ ಬಗ್ಗೆ ಹೇಳಲೇಬೇಕು. ಇಲ್ಲಿಗೆ ಬಂದ ಮೊದಲ ವಾರವೇ ಯಾವ ಏರಿಯಾಕ್ಕೆ ಹೋಗಬಾರದು ಅಂತ ನನಗೆ ಹೇಳಿಕೊಟ್ಟವರು ಕನ್ನಡದವರೇ. 'ಕರಿಯರು ಜಾಸ್ತಿ ಇದಾರೆ' ಅಂತ ದನಿ ತಗ್ಗಿಸಿ ಹೇಳಿದರು. ಮನೆಗೆ ಕರೆದು ಅನ್ನ ಸಾರು ಬಡಿಸಿದ ಒಳ್ಳೆಯ ಜನ ಅವರು. ನಾನೂ ಆಮೇಲೆ ಬಂದವರಿಗೆ ಅದನ್ನೇ ಹೇಳಿದ್ದೇನೆ. ಆದರೆ ನಾವು ಈ ದೇಶಕ್ಕೆ ಬರಲು ಬಾಗಿಲು ತೆರೆದದ್ದು ಅದೇ 1965ರ ವಲಸೆ ಕಾನೂನು, ಕಪ್ಪು ಜನ ಬೀದಿಯಲ್ಲಿ ಏಟು ತಿಂದು ನಡೆಸಿದ ಹಕ್ಕಿನ ಹೋರಾಟದ ಕಾಲದಲ್ಲಿ, ಅದರ ಬಲದಿಂದ ಬಂದದ್ದು. ಅದಕ್ಕೆ ಮುಂಚೆ, 1923ರಲ್ಲಿ, ಭಗತ್ ಸಿಂಗ್ ಥಿಂದ್ ಅನ್ನುವ ಪಂಜಾಬಿಗೆ ನೀನು ಬಿಳಿಯನಲ್ಲ, ಪೌರತ್ವ ಇಲ್ಲ ಅಂತ ಇದೇ ಸುಪ್ರೀಂ ಕೋರ್ಟು ಹೇಳಿತ್ತು. 2015ರಲ್ಲಿ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ ಗುಜರಾತಿನ ಅಜ್ಜ ವಾಕಿಂಗ್ ಹೊರಟಿದ್ದರು. ಯಾರೋ ಒಬ್ಬ ಸಣಕಲು ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಅಂತ ಪೊಲೀಸರಿಗೆ ಫೋನ್ ಹೋಯಿತು. ಪೊಲೀಸ್ ಆತನನ್ನು ನೆಲಕ್ಕೆ ಕೆಡವಿದ. ಅಜ್ಜನ ಕೈಕಾಲಿನ ಸ್ವಾಧೀನ ತಪ್ಪಿತು. ಎರಡು ಸಲ ಜ್ಯೂರಿ ಕೂತು ಒಮ್ಮತ ಬರಲಿಲ್ಲ, ಕೊನೆಗೆ ಜಡ್ಜ್ ಆ ಪೊಲೀಸನನ್ನು ಬಿಟ್ಟರು. ಆಗ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಎಲ್ಲರಿಗೂ ಸಿಟ್ಟು ಬಂದಿತ್ತು. ಅವರು ಕಪ್ಪು ಮನುಷ್ಯರೇ ಆಗಿದ್ದಿದ್ದರೆ ಬರುತ್ತಿತ್ತಾ?

ನಮ್ಮಜ್ಜನ ಹಳ್ಳಿಯಲ್ಲಿ ಅರಳಿಮರದ ಕಟ್ಟೆ ಇತ್ತು. ನ್ಯಾಯ ಪಂಚಾಯ್ತಿ ಅಲ್ಲೇ. ಯಾರು ಕಟ್ಟೆ ಮೇಲೆ ಕೂರುತ್ತಾರೆ, ಯಾರು ಕೆಳಗೆ ನಿಲ್ಲುತ್ತಾರೆ ಅಂತ ಯಾರೂ ಬರೆದಿಟ್ಟಿರಲಿಲ್ಲ. ಹಸಿರು ಹೈಲೈಟರ್ ಬೇಕಿರಲಿಲ್ಲ. ನಾನು ಚಿಕ್ಕವನಿದ್ದಾಗ ಅಜ್ಜನ ತೊಡೆ ಮೇಲೆ, ಕಟ್ಟೆಯ ಮೇಲೇ ಕೂತಿರುತ್ತಿದ್ದೆ. ಕೋರ್ಟಿನಲ್ಲಿ ನನ್ನ ನಂಬರು ಓದಿದಾಗ ನನಗೆ ಏನೂ ವಿಚಿತ್ರ ಅನ್ನಿಸದೇ ಇದ್ದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಬದಲಾವಣೆ ಆಗುತ್ತಿದೆ. ಅರಿಜೋನಾ ರಾಜ್ಯ 2022ರ ಜನವರಿ 1ರಿಂದ ಸ್ಟ್ರೈಕ್ ಪದ್ಧತಿಯನ್ನೇ ಕಿತ್ತುಹಾಕಿದೆ, ಮಾರ್ಷಲ್ ಕೇಳಿದ್ದು ಇದನ್ನೇ. ವಾಷಿಂಗ್ಟನ್ ರಾಜ್ಯ 2018ರಲ್ಲೇ ಒಂದು ನಿಯಮ ತಂದಿತು. ಕೆಲವು ಕಾರಣಗಳನ್ನು ಹೇಳಿದರೆ ಅದು ಬಣ್ಣದ ಭೇದವೇ ಅಂತ ಮೊದಲೇ ಅನುಮಾನಿಸಬೇಕು. ಪೊಲೀಸರ ಮೇಲೆ ನಂಬಿಕೆ ಇಲ್ಲ ಅನ್ನುವುದು. ನೆಂಟರು ಜೈಲಿಗೆ ಹೋಗಿದ್ದಾರೆ ಅನ್ನುವುದು. ಅಪರಾಧ ಜಾಸ್ತಿ ಇರುವ ಏರಿಯಾದಲ್ಲಿ ಮನೆ ಅನ್ನುವುದು. ಮಾತೃಭಾಷೆ ಇಂಗ್ಲಿಷ್ ಅಲ್ಲ ಅನ್ನುವುದೂ ಆ ಪಟ್ಟಿಯಲ್ಲಿದೆ. ಅದನ್ನು ಶಿರಸಿ ಗೆಳೆಯನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಗದ ಬಂದರೆ ಹೋಗ್ತೀನಿ ಬಿಡು" ಅಂದ. ಜಾರ್ಜಿಯಾದಲ್ಲಿ ಅಂಥ ನಿಯಮ ಇಲ್ಲ.

ಕರ್ಟಿಸ್ ಫ್ಲವರ್ಸ್ 2019ರ ಡಿಸೆಂಬರ್‌ನಲ್ಲಿ ಜಾಮೀನಿನ ಮೇಲೆ ಹೊರಗೆ ಬಂದ. ಮುಂದಿನ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಕೇಸು ಕೈಬಿಟ್ಟಿತು. ಹತ್ತಿರ ಹತ್ತಿರ 23 ವರ್ಷ ಒಳಗಿದ್ದ. ಅದಕ್ಕೆ ಪರಿಹಾರವಾಗಿ ಮಿಸಿಸಿಪ್ಪಿ ಕೊಟ್ಟದ್ದು ಐದು ಲಕ್ಷ ಡಾಲರ್.

2019ರಲ್ಲಿ ಸುಪ್ರೀಂ ಕೋರ್ಟಿನ ಆ ತೀರ್ಪು ಬಂದ ವಾರ ಒಂದು ರಾತ್ರಿ ಒಂಬತ್ತೂವರೆಗೆ ನಾನು ಆ ಕ್ರಾಸಿಗೆ ಹೋದೆ. ಹೆಂಡತಿಗೆ ಹಾಲು ತರುತ್ತೇನೆ ಅಂತ ಹೇಳಿ ಹೊರಟಿದ್ದೆ. ಟೈರ್ ಅಂಗಡಿಯ ಶಟರ್ ಎಳೆದಿತ್ತು. ಕ್ರಾಸಿನ ಮೂಲೆಯಲ್ಲಿ ಒಂದು ದೀಪದ ಕಂಬ, ಹಾಲಿನ ಹಾಗೆ ಬೆಳಕು. ಆ ಬೆಳಕಿನಲ್ಲಿ ಯಾರ ಮುಖ ಬೇಕಾದರೂ ಕಾಣುತ್ತಿತ್ತು. ಒಂದು ಕ್ಷಣ ಮನಸ್ಸು ಹಗುರವಾಯಿತು. ಗಾಡಿ ಬದಿಗೆ ನಿಲ್ಲಿಸಿ ಇಳಿದು ಹತ್ತಿರ ಹೋದೆ. ಕಂಬದ ಬುಡದ ಕಾಂಕ್ರೀಟು ಇನ್ನೂ ಬೆಳ್ಳಗಿತ್ತು, ಸುತ್ತ ಅಗೆದ ಕೆಂಪು ಮಣ್ಣಿನ ಮೇಲೆ ಹುಲ್ಲು ಹುಟ್ಟಿರಲಿಲ್ಲ. ಇದಕ್ಕೆ ಮುಂಚೆ ಇಲ್ಲಿ ಹಳೆಯ ಕಂಬ ಇತ್ತೋ, ದೀಪವೇ ಇರಲಿಲ್ಲವೋ ಅಂತ ಅಲ್ಲಿ ಕೇಳಲು ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಅಲ್ಲಿ ಬಸ್ಸು ತಿರುಗಿಸಿದವರು ಒಬ್ಬರಿಗೆ ಗೊತ್ತಿತ್ತು. ಅವರು ನನ್ನ ಹೆಸರನ್ನು ಅಷ್ಟು ಸರಿಯಾಗಿ ಕಲಿತುಕೊಂಡಿದ್ದರು. ನಾನು ಅವರ ಹೆಸರು ಕೇಳಿರಲಿಲ್ಲ.